ಕಳವಾದ ಹೊಗೆ

ಕಳವಾದಲ್ಲಿದ್ದೇನೆ ಅಂತ ಊರಲ್ಲಿ ಹೇಳಿದರೆ ಯಾರಾದರೊಬ್ಬರು "ಏನು ಕಳವಾದ್ದು ಮಾರಾಯ?" ಅಂತ ಕೇಳಿಯೇ ಕೇಳುತ್ತಾರೆ. 1989ರಿಂದ ಈ ಒಂದೇ ಜೋಕು ಕೇಳಿ ಕೇಳಿ ಈಗ ಅವರಿಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ. ಒಳನಾಡಿನ ನಿಮಗಾಗಿ ಎರಡು ಮಾತು: ಠಾಣೆ ಬಿಟ್ಟ ಸ್ಲೋ ಲೋಕಲ್ಲು ಖಾಡಿ ದಾಟಿದ ಕೂಡಲೇ ನಿಲ್ಲುವ ಸ್ಟೇಷನ್ನೇ ಕಳವಾ. ಒಂದು ಕಡೆ ಖಾಡಿಯ ಕೆಸರು, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ. ಇಲ್ಲಿಂದ ದಕ್ಷಿಣಕ್ಕೆ ಹೋಗುವ ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ 1960ರ ದಶಕದಿಂದ ಕಾರ್ಖಾನೆಗಳು ಎದ್ದವು. ಕಾರ್ಖಾನೆ ಇದ್ದಲ್ಲಿ ಕ್ಯಾಂಟೀನು, ಕ್ಯಾಂಟೀನು ಇದ್ದಲ್ಲಿ ನಮ್ಮವರು.

ನನ್ನದು ಪತ್ರೆ ಕೆಲಸ. ತಗಡು ಕತ್ತರಿಸಿ, ಮಡಿಸಿ, ಹೋಟೆಲು, ಕ್ಯಾಂಟೀನುಗಳ ಅಡುಗೆಮನೆಗೆ ಹೊಗೆ ಕೊಳವೆ ಕೂರಿಸುವುದು. ಊರಿಂದ ಬಂದಾಗ ಸಂಬಂಧಿಕರ ಹೋಟೆಲಿನಲ್ಲಿ ಪ್ಲೇಟು ತೊಳೆಯುತ್ತಿದ್ದೆ. ಎರಡು ವರ್ಷ ಕಳೆಯುವುದರೊಳಗೆ ಹಿಂಬದಿಯ ಪತ್ರೆ ಅಂಗಡಿಯ ಮರಾಠಿ ಮುದುಕನ ಹತ್ತಿರ ಸುತ್ತಿಗೆ ಹಿಡಿದೆ. ಆಗ ಹೋಟೆಲಿನ ಒಳಗೆ ಯಾವ ಯಾವ ಹೊಗೆ ಇರಲಿಲ್ಲ! ಸೌದೆಯದ್ದು, ಮರದ ಹೊಟ್ಟಿನದ್ದು, ಸೀಮೆಎಣ್ಣೆಯದ್ದು, ಬ್ಲೋವರ್ ಹಾಕಿ ಭರ್ರೆಂದು ಉರಿಸುವ ಡೀಸೆಲ್ ಭಟ್ಟಿಯದ್ದು. ಗೋಡೆಯ ಕಪ್ಪು ನೋಡಿಯೇ ಭಟ್ಟಿ ಯಾವುದರದ್ದು ಅಂತ ಹೇಳಬಹುದಿತ್ತು. ಸೌದೆಯ ಮಸಿ ಅಂಟು, ಡೀಸೆಲಿನದ್ದು ಪುಡಿ. ಭಟಾರಿಗಳ ಕೆಮ್ಮಿನಲ್ಲೂ ವ್ಯತ್ಯಾಸ ಇತ್ತು ಅಂತ ಮುದುಕ ಹೇಳುತ್ತಿದ್ದ. ಅದನ್ನು ನಾನು ನಂಬಲಿಲ್ಲ.

ಇಷ್ಟೆಲ್ಲ ಅನುಭವ ಇದ್ದವನಿಗೆ 2013ರ ಮಳೆಗಾಲದಲ್ಲಿ ಒಂದು ಪಾಠ ಆಯಿತು. ಹಿಂದಿನ ಸೆಪ್ಟೆಂಬರಿನಲ್ಲಿ ಸರ್ಕಾರ ಸಬ್ಸಿಡಿ ಗ್ಯಾಸನ್ನು ಮನೆಗೆ ವರ್ಷಕ್ಕೆ ಆರು ಸಿಲಿಂಡರ್ ಅಂತ ಮಿತಿಗೊಳಿಸಿತ್ತು. ಮನೆಯ ಕೆಂಪು ಸಿಲಿಂಡರು ಹಿಂಬಾಗಿಲಿಂದ ಹೋಟೆಲಿಗೆ ಬರುವುದು ಕಷ್ಟವಾಯಿತು. (ಬರುತ್ತಿತ್ತು ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.) 2013ರ ಜನವರಿಯಲ್ಲಿ ಡೀಸೆಲ್ ದರಕ್ಕಿದ್ದ ಹಿಡಿತವೂ ಸಡಿಲವಾಯಿತು. ಆಗ ಕ್ಯಾಂಟೀನುಗಳಿಗೆ ಬಂದದ್ದು ಪೆಲೆಟ್ ಒಲೆ. ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆ, ಮರದ ಹೊಟ್ಟು ಇಂಥದನ್ನೆಲ್ಲ ಯಂತ್ರದಲ್ಲಿ ಒತ್ತಿ ಮಾಡಿದ, ಕಿರುಬೆರಳಿಗಿಂತ ಸಪೂರದ ತುಂಡುಗಳು. ಒಲೆಯ ಅಡಿಗೆ ಒಂದು ಫ್ಯಾನು. ಉರಿ ಮೇಲಿನ ಟೋಪದ ಸುತ್ತ ಹೊರಳಿ, ಪಕ್ಕದ ಕೊಳವೆಯಿಂದ ಹೊರಗೆ. ಬೇಲಾಪುರ ರಸ್ತೆಯ ಒಂದು ಕ್ಯಾಂಟೀನಿಗೆ ಆ ಕೊಳವೆ ಕೂರಿಸಿದವನು ನಾನು.

ವಾರ ಕಳೆಯಲಿಲ್ಲ, ಅಲ್ಲಿನ ಕುಂದಾಪುರದ ಭಟಾರಿ ಫೋನು ಮಾಡಿದ. "ಹ್ವಾಯ್, ನಿಮ್ ಪೈಪಿಂದ ಹೊಗಿ ಬತ್ತಿತ್ ಮಾರ್ರೆ."

ಹೋಗಿ ನೋಡಿದೆ. ಜೋಡಣೆ ಜೋಡಣೆಯಲ್ಲೂ ಸಣ್ಣಗೆ ಹೊಗೆ. ಎಂ-ಸೀಲ್ ಮೆತ್ತಿ ಬಂದೆ. ಎರಡು ದಿನಕ್ಕೆ ಅದು ಸುಟ್ಟು ಬಿಸ್ಕೆಟಿನಂತೆ ಉದುರಿತು. ಅಲ್ಯೂಮಿನಿಯಂ ಟೇಪು ಸುತ್ತಿದೆ, ಅದರ ಅಂಟು ಕರಗಿ ಜಾರಿತು. ಮುದುಕ ಬದುಕಿದ್ದರೆ ನಗುತ್ತಿದ್ದ. ಇಪ್ಪತ್ತು ವರ್ಷ ನೂರಾರು ಕೊಳವೆ ಮಾಡಿದ್ದೇನೆ, ಯಾವುದೂ ಹೀಗೆ ಮಾಡಿರಲಿಲ್ಲ.

ಕಾರಣ ತಿಳಿಯಲು ಒಂದು ಊದುಬತ್ತಿ ಸಾಕಾಯಿತು. ಸೌದೆ ಒಲೆಯ ಹಳೇ ಕೊಳವೆಯ ಹತ್ತಿರ ಊದುಬತ್ತಿ ಹಿಡಿದು ನೋಡಿ. ಜೋಡಣೆಯಲ್ಲಿ ಬಿರುಕಿದ್ದರೆ ಊದುಬತ್ತಿಯ ಹೊಗೆ ಒಳಕ್ಕೆ ಬಾಗುತ್ತದೆ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅದು ಏರಿದಂತೆ ಕೊಳವೆಯೊಳಗಿನ ಒತ್ತಡ ಕೋಣೆಯದಕ್ಕಿಂತ ಚೂರು ಕಡಿಮೆಯಾಗುತ್ತದೆ. ಮೂರು ಮೀಟರ್ ಎತ್ತರದ ಚೆನ್ನಾಗಿ ಕಾದ ಕೊಳವೆಯ ಎಳೆತ ಎಷ್ಟು ಗೊತ್ತೇ? ಒಂದು ಮಿಲಿಮೀಟರ್ ನೀರು ನಿಂತರೆ ಆಗುವ ಒತ್ತಡದಷ್ಟು. ಅಷ್ಟೇ ಅಷ್ಟು ಎಳೆತ ಇದ್ದರೂ ಬಿರುಕಿನಿಂದ ಹೊಗೆ ಹೊರಗೆ ಬಾರದು, ಕೋಣೆಯ ಗಾಳಿಯೇ ಒಳಗೆ ಹೋಗುತ್ತದೆ. ಅಂದರೆ ಇಪ್ಪತ್ತು ವರ್ಷ ನನ್ನ ಜೋಡಣೆಗಳೆಲ್ಲ ಸೋರುತ್ತಲೇ ಇದ್ದವು, ಒಳಮುಖವಾಗಿ. ನನ್ನ ಕೈಚಳಕ ಅಂತ ನಾನು ಬೀಗಿದ್ದು ಬಿಸಿ ಗಾಳಿಯ ದಯೆ.

ಪೆಲೆಟ್ ಒಲೆಯ ಕೊಳವೆ ಎಳೆಯುವುದಲ್ಲ, ತಳ್ಳುವುದು. ಕೆಳಗಿನ ಫ್ಯಾನು ಹೊಗೆಯನ್ನು ನೂಕುತ್ತದೆ, ಅದರ ಜೋರಿನ ಮುಂದೆ ಒಂದು ಮಿಲಿಮೀಟರ್ ಎಲ್ಲಿಗೂ ಸಾಲದು. ಕೂದಲೆಳೆಯಷ್ಟು ಸಂದಿ ಇದ್ದರೂ ಹೊಗೆ ಹೊರಗೆ. ಜತೆಗೆ ನನ್ನದು ಇನ್ನೊಂದು ತಪ್ಪು. ಮಳೆಯ ಊರು ಅಂತ ನಾನು ಯಾವಾಗಲೂ ಮೇಲಿನ ಕೊಳವೆಯ ಬಾಯನ್ನು ಕೆಳಗಿನದರ ಹೊರಗಡೆ ತೊಡಿಸುತ್ತಿದ್ದೆ, ಹಂಚು ಹೊದೆಸಿದ ಹಾಗೆ. ಮಳೆನೀರಿಗೆ ಅದು ಸರಿ. ಹೊಗೆಗೆ ತಿರುಗಾಮುರುಗಾ ಆಗಬೇಕು: ಮೇಲಿನದು ಕೆಳಗಿನದರ ಒಳಗೆ ಇಳಿಯಬೇಕು. ಇಲ್ಲವಾದರೆ ಕೊಳವೆಯೊಳಗೆ ತಣಿದ ಕಪ್ಪು ರಸ ಜೋಡಣೆಯಿಂದ ಗೋಡೆಗೆ ಇಳಿಯುತ್ತದೆ.

ಈ ಒಲೆಯ ಹುಟ್ಟು ಹುಡುಕುತ್ತ ಹೋದಾಗ ಒಂದು ಸೋಜಿಗ ಕಂಡಿತು. ಅಮೆರಿಕದಲ್ಲಿ 1970ರ ದಶಕದ ತೈಲ ಮುಗ್ಗಟ್ಟಿನ ನಂತರ ಮನೆ ಬೆಚ್ಚಗಿಡುವ ಪೆಲೆಟ್ ಒಲೆಯನ್ನು ರೂಪಿಸಿದವರಲ್ಲಿ ಮುಖ್ಯನಾದ ಜೆರ್ರಿ ವಿಟ್‌ಫೀಲ್ಡ್, ಬೋಯಿಂಗ್ ವಿಮಾನ ಕಂಪನಿಯ ಎಂಜಿನಿಯರು. ನಮ್ಮಲ್ಲಿ ಫ್ಯಾನು ಹಾಕಿ ಪೆಲೆಟ್ ಉರಿಸುವ ಅಡುಗೆ ಒಲೆಯ ಹಿಂದಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಪ್ರೊ. ಎಚ್.ಎಸ್. ಮುಕುಂದ. ಅವರೂ ವಿಮಾನ, ರಾಕೆಟ್ಟುಗಳ ದಹನಶಾಸ್ತ್ರದವರೇ. ಆಕಾಶಕ್ಕೆ ಹಾರಿಸುವ ಉರಿ ಬಲ್ಲವರಿಗೇ ಅನ್ನ ಬೇಯಿಸುವ ಉರಿಯೂ ತಿಳಿಯಿತು ಅನ್ನಿ. ಮುಕುಂದರ ತಂಡದ ವಿನ್ಯಾಸವನ್ನು ಬಿ.ಪಿ. ಎಂಬ ತೈಲ ಕಂಪನಿ 2006ರಿಂದ 'ಊರ್ಜಾ' ಎಂಬ ಹೆಸರಿನಲ್ಲಿ ಮಾರಿತು. ಕರ್ನಾಟಕ, ಮಹಾರಾಷ್ಟ್ರದ ಹಳ್ಳಿಗಳೂ ಸೇರಿ ಸುಮಾರು ನಾಲ್ಕು ಲಕ್ಷ ಒಲೆ ಹೋದವು. 2009ರಲ್ಲಿ ಆ ವ್ಯವಹಾರ ಪುಣೆಯ ಫಸ್ಟ್ ಎನರ್ಜಿ ಕಂಪನಿಗೆ ಬಂತು. ಮುಂದೆ ಕಬ್ಬಿನ ಸಿಪ್ಪೆಗೆ ಬೇರೆ ಗಿರಾಕಿಗಳು ಹುಟ್ಟಿ ಪೆಲೆಟ್ಟಿನ ಬೆಲೆ ಏರಿತು, ಮನೆಯವರು ಬಿಟ್ಟರು, ದೊಡ್ಡ ಅಡುಗೆಮನೆಗಳು ಹಿಡಿದವು. ಮನೆಯ ಆ ಸಣ್ಣ ಒಲೆಗೆ ಕೊಳವೆಯೇ ಇರಲಿಲ್ಲ. ಹೊಗೆಯೇ ಆಗದಂತೆ ಉರಿಸುವುದು ಅದರ ತತ್ವ. ನಾನು ಕೊಳವೆ ಕೂರಿಸಿದ ಕ್ಯಾಂಟೀನಿನ ಒಲೆ ಆ ಕಂಪನಿಯದಲ್ಲ, ಇಲ್ಲೇ ಯಾರೋ ಜೋಡಿಸಿದ್ದು. ಒಲೆಯಲ್ಲಿ ದೋಷವೂ ಇರಲಿಲ್ಲ. ತಪ್ಪು ಪೈಪಿನದು, ಅಂದರೆ ನನ್ನದು.

ಕಣ್ಣಿಗೆ ಕಾಣುವ ಹೊಗೆಯಷ್ಟೇ ಆಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಕಲಬುರ್ಗಿ ಕಡೆಯ ಒಬ್ಬ ಹುಡುಗ ಇದ್ದ, ಹದಿನೆಂಟು ಹತ್ತೊಂಬತ್ತರವನು. ರಾತ್ರಿ ಅಡುಗೆಮನೆಯಲ್ಲೇ ಮಲಗುತ್ತಿದ್ದ. ಮುಂಬಯಿಗೆ ಬಂದ ನಾವೆಲ್ಲ ಒಂದಲ್ಲ ಒಂದು ಕಾಲದಲ್ಲಿ ಭಟ್ಟಿಯ ಪಕ್ಕ ಮಲಗಿದವರೇ. ಒಂದು ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಿತು. ಒಲೆಯಲ್ಲಿ ಕೆಂಡ ಉಳಿದಿತ್ತು, ಮಳೆಗೆ ಕಿಟಕಿ ಹಾಕಿತ್ತು. ನನ್ನ ಕೊಳವೆ ಒಲೆಯಿಂದ ಅಡ್ಡ ಹೋಗಿ ಗೋಡೆ ತೂರಿ ಅಲ್ಲೇ ಮುಗಿದಿತ್ತು, ಮೇಲಕ್ಕೆ ಏರಿರಲೇ ಇಲ್ಲ. ಫ್ಯಾನು ಇರುವಾಗ ಏರಿಸುವುದು ದಂಡ ಖರ್ಚು ಅಂತ ಮಾಲಕರು ಅಂದಿದ್ದರು, ನಾನೂ ಹೂಂಗುಟ್ಟಿದ್ದೆ. ತಳ್ಳುವ ಫ್ಯಾನಿಲ್ಲ, ಎಳೆಯುವ ಎತ್ತರವಿಲ್ಲ. ಖಾಡಿಯ ಗಾಳಿ ಹೊರಗಿನ ಬಾಯಿಗೇ ಊದುತ್ತಿತ್ತು. ಕೆಂಡಕ್ಕೆ ಹೊಗೆ ಇರುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಬೆಳಗ್ಗೆ ನಾಲ್ಕೂವರೆಗೆ ಹಾಲಿನವನು ಬಾಗಿಲು ಬಡಿದಾಗ ಹುಡುಗ ಎದ್ದು ನಿಲ್ಲಲಾರದೆ ವಾಂತಿ ಮಾಡಿಕೊಂಡ. ಬಾಗಿಲು ತೆಗೆದದ್ದೇ ಅವನ ಅದೃಷ್ಟ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ಎರಡು ದಿನಕ್ಕೆ ಸರಿಯಾದ. ಮೂರನೇ ದಿನ ಬಂದು ನನಗೇ ಚಹಾ ತಂದುಕೊಟ್ಟು, "ಅಣ್ಣಾ, ರಿಪೇರಿ ಆತೇನ್ರಿ?" ಅಂತ ಕೇಳಿದ. ಆ ಚಹಾ ಕುಡಿದದ್ದು ಹೇಗೆ ಅಂತ ನೆನಪಿಲ್ಲ.

ರಿಪೇರಿ ಮಾಡಿದ್ದು ಹೀಗೆ. ಮಡಿಸಿದ ತಗಡು ಪೂರ್ತಿ ಕಿತ್ತೆ. ವೆಲ್ಡ್ ಮಾಡಿದ ದಪ್ಪ ಕಬ್ಬಿಣದ ಕೊಳವೆ. ತುದಿಗೆ ಫ್ಲ್ಯಾಂಜು, ನಡುವೆ ಸೆರಾಮಿಕ್ ಹಗ್ಗ, ನಾಲ್ಕು ಬೋಲ್ಟು. ಒಲೆಯಿಂದ ದೂರ, ಶಾಖ ಕಡಿಮೆಯಾಗುವಲ್ಲಿ ಮಾತ್ರ ಶಾಖ ತಡೆಯುವ ಸಿಲಿಕೋನು. ಎರಡು ಮೊಣಕೈ ಇದ್ದದ್ದನ್ನು ಒಂದು ಮಾಡಿದೆ. ಏರುವ ಕೊಳವೆಯ ಬುಡದಲ್ಲಿ ಟೀ ಕೂರಿಸಿ ಮುಚ್ಚಳ ಇಟ್ಟೆ, ಬೂದಿ ತೆಗೆಯಲು. ಮತ್ತೆ ಮಾಡಿನ ಅಂಚು ದಾಟಿ ಹನ್ನೆರಡು ಅಡಿ ಮೇಲಕ್ಕೆ. ಕರೆಂಟು ಹೋದರೂ ಬಿಸಿಗಾಳಿ ತಾನೇ ಎಳೆದುಕೊಂಡು ಹೋಗಲಿ ಅಂತ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಹಾಕಿದಾಗ ಕಿಟಕಿ ತೆರೆದಿರಬೇಕು ಅಂತ ಗೋಡೆಯ ಮೇಲೆ ಕನ್ನಡ, ಹಿಂದಿ ಎರಡರಲ್ಲೂ ಬರೆದೆ. ಇಲ್ಲದಿದ್ದರೆ ಆ ಫ್ಯಾನು ಒಲೆಯ ಹೊಗೆಯನ್ನೇ ವಾಪಸು ಕರೆಯುತ್ತದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗನ ಮಲಗುವ ಜಾಗ ಬದಲಿಸುವ ಮಾತು ಮಾಲಕರಿಂದ ಪಡೆದೇ ಬಂದೆ.

ಆ ರಾತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: "ಆಯಿಯ ಪೈಪು ನೆನಪಾಯ್ತು."

ನಮ್ಮದು ಕುಮಟೆಯ ಒಳಗಿನ ಹಳ್ಳಿ. 1986ರಲ್ಲಿ ನಮ್ಮ ಮನೆಗೆ ಅಸ್ತ್ರ ಒಲೆ ಬಂತು. ಕರ್ನಾಟಕದ ಓದುಗರಿಗೆ ಅದರ ಹೆಸರು ಗೊತ್ತಿರುತ್ತದೆ, ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಹೊಗೆಯಿಲ್ಲದ ಒಲೆ ನಮ್ಮ ದೇಶದಲ್ಲಿ ಹೊಸ ಕನಸಲ್ಲ. ವಾರ್ಧಾದ ಮಗನ್‌ವಾಡಿಯ ಗಾಂಧಿವಾದಿಗಳು 'ಮಗನ್ ಚೂಲ್ಹಾ' ಮಾಡಿದ್ದರು. ಹೈದರಾಬಾದಿನ ಎಂಜಿನಿಯರು ಎಸ್.ಪಿ. ರಾಜು ಕೋಟ್ಯಂತರ ಜನರಿಗೆ ಹೊಗೆಯಿಲ್ಲದ ಅಡುಗೆಮನೆ ಬೇಕು ಅಂತ 1953ರಲ್ಲೇ ಪುಸ್ತಕ ಬರೆದಿದ್ದರು. 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 'ಅಸ್ತ್ರ' ಎಂಬ ವಿಭಾಗ ಕಟ್ಟಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ. ಕುಣಿಗಲ್ ತಾಲೂಕಿನ ಉಂಗ್ರ ಎಂಬ ಹಳ್ಳಿಯಲ್ಲಿ ಅದರ ಕೇಂದ್ರ. ಹೆಂಗಸರು ಸೌದೆಗೆ ಎಷ್ಟು ನಡೆಯುತ್ತಾರೆ, ಎಷ್ಟು ಸುಡುತ್ತಾರೆ ಅಂತ ಅಲ್ಲಿ ಲೆಕ್ಕ ಹಾಕಿದರು. ಅದರ ಬೆನ್ನಿಗೇ ಬಂದದ್ದು ಮೂರು ಪಾತ್ರೆಯ ಒಲೆ: ಸುತ್ತ ಮುಚ್ಚಿದ ಉರಿಗೂಡು, ಅಡಿಗೆ ಜಾಲರಿ, ಹಿಂದೆ ಕೊಳವೆ. ಪ್ರಯೋಗಶಾಲೆಯಲ್ಲಿ ಅದು ಸೌದೆಯ ಶಾಖದಲ್ಲಿ ಶೇ. 40ಕ್ಕಿಂತ ಹೆಚ್ಚು ಪಾತ್ರೆಗೆ ಮುಟ್ಟಿಸಿತು. ಹಳೇ ಒಲೆಯದ್ದು ಹತ್ತು ಹದಿನೈದರ ಆಸುಪಾಸು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ಜಿಲ್ಲೆ ಜಿಲ್ಲೆಗೆ ಒಯ್ದಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮವೂ 1983ರ ಹೊತ್ತಿಗೇ ಶುರುವಾಗಿತ್ತು.

ಮೊದಲ ವರ್ಷ ನಮ್ಮ ಅಡುಗೆಮನೆ ಬೇರೆಯದೇ ಆಯಿತು. ಆಯಿ ಕಣ್ಣೊರೆಸಿಕೊಳ್ಳದೆ ದೋಸೆ ಹುಯ್ಯುವುದನ್ನು ನಾನು ಮೊದಲು ನೋಡಿದ್ದು ಆಗಲೇ. 1994ರಲ್ಲಿ ನಾನು ರಜೆಗೆ ಹೋದೆ. ಕೊಂಕಣ ರೈಲು ಇನ್ನೂ ಇಲ್ಲ, ರಾತ್ರಿಯಿಡೀ ಬಸ್ಸು. ಬಾಗಿಲಲ್ಲೇ ಹೊಗೆ ಎದುರಾಯಿತು. ಪೈಪಿನ ಕೆಳಗಿನ ಜೋಡಣೆ ತೆರೆದುಕೊಂಡಿದೆ, ಆಯಿ ಮೊದಲಿನಂತೆ ಸೆರಗಿನಿಂದ ಕಣ್ಣೊರೆಸುತ್ತ, ಕೆಮ್ಮುತ್ತ ಕೂತಿದ್ದಾಳೆ. ಪತ್ರೆ ಕೆಲಸ ಕಲಿತ ಜಂಬ ಬೇರೆ. ಅಂಗಿ ಬದಲಿಸದೆ ಸಿಮೆಂಟು ಕಲಸಿ ಮುಚ್ಚಿದೆ.

ಆಯಿ ಸಂಜೆವರೆಗೆ ಸುಮ್ಮನಿದ್ದಳು. ಆಮೇಲೆ, "ಅದು ಒಡೆದದ್ದಲ್ಲ ತಮಾ, ನಾನೇ ಬಿಚ್ಚಿದ್ದು" ಅಂದಳು.

ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ಒಲೆಯ ಮೇಲಿನ ಅಟ್ಟದಲ್ಲಿ ತೆಂಗಿನಕಾಯಿ, ಮುರುಗಲ ಸಿಪ್ಪೆ, ಬಿತ್ತನೆಯ ಬೀಜ, ಬುಟ್ಟಿ, ಹಗ್ಗ ಎಲ್ಲವೂ ಇರುವುದು ಹೊಗೆಯ ಕಾವಲಿನಲ್ಲಿ. ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುವಾಗ ಪಕಾಸಿಗೆಲ್ಲ ಒಂದು ಕಪ್ಪು ಹೊಳಪು ಕೊಟ್ಟು ಹೋಗುತ್ತಿತ್ತು, ಹುಳ ಹತ್ತುತ್ತಿರಲಿಲ್ಲ. ಅಸ್ತ್ರ ಒಲೆ ಬಂದ ಮೇಲೆ ಬೀಜಕ್ಕೆ ಬೂಷ್ಟು, ಬಿದಿರಿಗೆ ಗೆದ್ದಲು, ಸೌದೆಗೆ ಹಸಿ. "ನೀ ಕಳವಾಕ್ಕೆ ಹೋದೆ, ನನ್ನ ಹೊಗೆನೂ ಕಳವಾತು" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಮುಚ್ಚುವುದು, ಅವಳು ಬಿಚ್ಚುವುದು, ಹೀಗೆ ಒಂಬತ್ತು ವರ್ಷ ನಡೆಯಿತು. ಕೆಮ್ಮು ಅವಳದ್ದು, ಸಿಟ್ಟು ನನ್ನದು.

ಇದು ನಮ್ಮ ಮನೆಯ ಹಟ ಅಂತ ತಿಳಿದಿದ್ದೆ. ಆದರೆ ದೇಶದಲ್ಲೆಲ್ಲ ಇದೇ ಕಥೆ. ಕೇಂದ್ರದ ಕಾರ್ಯಕ್ರಮ 2002ಕ್ಕೆ ಮುಗಿಯುವಾಗ ಮೂರು ಕೋಟಿಗೂ ಹೆಚ್ಚು ಒಲೆ ಕೂರಿಸಿದ ಲೆಕ್ಕ ಇತ್ತು. ಕೂರಿಸಿದ್ದನ್ನು ಎಣಿಸಿದರು, ಉರಿಯುತ್ತಿದ್ದುದನ್ನು ಎಣಿಸಿದವರು ಕಡಿಮೆ. ಒಲೆಯ ಹೊಗೆ ಹೆಂಗಸರ ಉಸಿರಿಗೆ ಎಷ್ಟು ಹೋಗುತ್ತದೆ ಅಂತ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ ಗುಜರಾತಿನ ಹಳ್ಳಿಗಳಲ್ಲಿ ನಮ್ಮ ದೇಶದವರ ಜತೆಗೂಡಿ 1980ರ ದಶಕದ ಮೊದಲಲ್ಲೇ ಅಳೆದಿದ್ದ. ಒಡಿಶಾದಲ್ಲಿ ಎಸ್ತರ್ ದುಫ್ಲೋ ಮತ್ತವರ ಜತೆಯವರು ಸುಮಾರು 2,600 ಮನೆಗಳಲ್ಲಿ ಕೊಳವೆ ಒಲೆಗಳನ್ನು ನಾಲ್ಕು ವರ್ಷ ಹಿಂಬಾಲಿಸಿ 2012ರಲ್ಲಿ ವರದಿ ಬರೆದರು. ಮೊದಲ ವರ್ಷ ಉಸಿರಿಗೆ ಹೋಗುವ ಹೊಗೆ ಕಡಿಮೆಯಾಯಿತು, ಆಮೇಲೆ ಆ ಲಾಭ ಕರಗಿತು. ಒಲೆ ಒಡೆಯಿತು, ಸರಿಯಾಗಿ ಬಳಸಲಿಲ್ಲ, ಸರಿಪಡಿಸಲಿಲ್ಲ. ದುಫ್ಲೋಗೆ ಮುಂದೆ 2019ರಲ್ಲಿ ನೊಬೆಲ್ ಬಂತು. ವರದಿಯ ವಿಷಯ ಕೇಳಿದಾಗ ನನಗೆ ಅನಿಸಿದ್ದು, ಒಡಿಶಾದ ಆ ಮನೆಗಳಿಗೂ ಒಂದೊಂದು ಅಟ್ಟ ಇದ್ದಿರಬಹುದು. ಉಂಗ್ರದವರು ಸೌದೆಯ ಲೆಕ್ಕ ಹಾಕಿದರು, ಶಾಖದ ಲೆಕ್ಕ ಹಾಕಿದರು. ಅವರ ಮೇಲೆ ನನಗೆ ತುಂಬ ಗೌರವ. ಆದರೆ ಹೊಗೆಗೆ ಮನೆಯಲ್ಲಿ ಒಂದು ಉದ್ಯೋಗ ಇತ್ತು ಅನ್ನುವುದು ಯೋಜನೆಯ ಕಾಗದದಲ್ಲಿ ಬರಲಿಲ್ಲ. ಸ್ವಂತ ಮಗನಿಗೇ ಹೊಳೆಯದ್ದು ಸರ್ಕಾರಕ್ಕೆ ಹೇಗೆ ಹೊಳೆಯಬೇಕು?

ಹೊಳೆದದ್ದು 2003ರಲ್ಲಿ, ಅದೂ ಒಂದು ಹೋಟೆಲಿನಲ್ಲಿ ಬೂದಿ ತೆಗೆಯುವ ಟೀ ಕೂರಿಸುವಾಗ. ಬಾಗಿಲನ್ನು ಬುಡದಲ್ಲಿ ಇಡುವ ಬದಲು ಮೇಲೆ ಇಟ್ಟರೆ? ಅಟ್ಟದ ಎತ್ತರದಲ್ಲಿ ಪೈಪಿಗೊಂದು ಕಿಟಕಿ, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಸರಪಳಿ. ಬೇಕಾದಾಗ ಎಳೆದರೆ ಹೊಗೆ ಅಟ್ಟಕ್ಕೆ, ಬೇಡವಾದಾಗ ಹೊರಗೆ. ಮೂಗಿನ ಮಟ್ಟಕ್ಕೆ ಬಾರದಿದ್ದರೆ ಸಾಕಲ್ಲ. ಒಂದು ರವಿವಾರ ಕೂತು ಮಾಡಿದೆ. ಆ ತಗಡಿನ ಟೀಯನ್ನು ಚಾದರದಲ್ಲಿ ಸುತ್ತಿ, ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದೆ. ರೈಲಿನ ಪೊಲೀಸನೊಬ್ಬ ಎರಡು ಸಲ ಬಿಚ್ಚಿಸಿ ನೋಡಿದ.

ಆಯಿ ಸರಪಳಿ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದಳು. "ಇದನ್ನ ಮೊದಲೇ ಮಾಡಲಾಗಿತ್ತು" ಅಂದಳು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ಆಮೇಲೆ ಕೆಳಗಿನ ಜೋಡಣೆಯನ್ನು ಅವಳು ಬಿಚ್ಚಲಿಲ್ಲ. ಆದರೆ ಕೆಮ್ಮು ಆಗಲೇ ಮನೆಯವನಾಗಿಬಿಟ್ಟಿತ್ತು. 2009ರ ಮಳೆಗಾಲದಲ್ಲಿ ಆಯಿ ಹೋದಳು. ಡಾಕ್ಟರು ಶ್ವಾಸಕೋಶದ ಕಾಯಿಲೆ ಅಂತ ಬರೆದರು. ಹೊಗೆಯಿಂದಲೇ ಅಂತ ಅವರು ಬರೆಯಲಿಲ್ಲ, ನಾನೂ ಹೇಳುವುದಿಲ್ಲ. ಒಂಬತ್ತು ವರ್ಷದ ಲೆಕ್ಕ ಮಾತ್ರ ನನ್ನ ಹತ್ತಿರ ಇದೆ.

ಈಗ ಕಳವಾದಲ್ಲಿ ನನ್ನ ಕೆಲಸ ಬಹಳ ಕಡಿಮೆಯಾಗಿದೆ. ಪೈಪಿನ ಗ್ಯಾಸು ಎಲ್ಲ ಕಡೆ ಹಬ್ಬುತ್ತಿದೆ. ಸೌದೆ, ಇದ್ದಿಲು ಉರಿಸುವ ಮುಂಬಯಿಯ ಬೇಕರಿಗಳು ಆರು ತಿಂಗಳೊಳಗೆ ಬದಲಾಗಬೇಕು ಅಂತ 2025ರ ಜನವರಿಯಲ್ಲಿ ಹೈಕೋರ್ಟು ಹೇಳಿತು. ನನ್ನಂಥವನ ಹೊಟ್ಟೆಯ ಮೇಲೆ ಹೊಡೆತ, ಆದರೂ ಬೇಡ ಅನ್ನಲು ಬಾಯಿ ಬರುವುದಿಲ್ಲ. ಕ್ಯಾಂಟೀನಿನ ಆ ಹುಡುಗ ಈಗ ಡೊಂಬಿವಲಿಯಲ್ಲಿ ಸ್ವಂತ ಚಹಾದಂಗಡಿ ಇಟ್ಟಿದ್ದಾನೆ, ಗ್ಯಾಸಿನದ್ದು.

ಊರಲ್ಲೂ ಗ್ಯಾಸೇ. ಅಸ್ತ್ರ ಒಲೆ ಮೂಲೆಯಲ್ಲಿದೆ. ಹಬ್ಬಕ್ಕೆ, ಹಲಸಿನ ಹಪ್ಪಳಕ್ಕೆ ಮಾತ್ರ ಉರಿ ಕಾಣುತ್ತದೆ. ಕಳೆದ ಜೂನಿನಲ್ಲಿ ತಮ್ಮ ಫೋನು ಮಾಡಿ, ಪೈಪಿನ ಮೇಲಿನ ಟೋಪಿ ಗಾಳಿಗೆ ಹಾರಿದೆ, ಮಳೆ ನೀರು ನೇರ ಒಲೆಯೊಳಗೆ ಬೀಳುತ್ತಿದೆ, ಕಿತ್ತು ಹಾಕಿ ಹಂಚು ಮುಚ್ಚಿಬಿಡಲಾ ಅಂತ ಕೇಳಿದ. ಅಟ್ಟದಲ್ಲಿ ಬೀಜ ಇದೆಯಾ ಅಂತ ಕೇಳಿದೆ. ಇದೆ ಅಂದ. ಸದ್ಯ ಒಂದು ಡಬ್ಬ ಕವುಚಿ ಇಡು, ಟೋಪಿಯ ಅಳತೆ ನನ್ನ ಹತ್ತಿರ ಇದೆ, ಗಣೇಶ ಚೌತಿಗೆ ಬರುವಾಗ ಮಾಡಿಕೊಂಡು ಬರುತ್ತೇನೆ ಅಂದೆ.